ಬ್ಯಾಟರಿ ಇಲ್ಲದ ಮೀನು

ಕತ್ತಲೆಗೆ ನಾನು ಹೆದರುವವಳಲ್ಲ. ಕತ್ತಲೆಯಲ್ಲಿ ಏನೂ ಕಾಣುವುದಿಲ್ಲವಾದ್ದರಿಂದ ಹೆದರುವುದಕ್ಕೆ ಸರಿಯಾದ ಕಾರಣವೂ ಸಿಗುವುದಿಲ್ಲ. ನನ್ನ ಭಯವೆಲ್ಲ ಮಟಮಟ ಮಧ್ಯಾಹ್ನದ್ದು. ನಮ್ಮ ಆಳಂದದ ಕಡೆ ಬೇಸಿಗೆಯಲ್ಲಿ ಊಟದ ಹೊತ್ತಿಗೆ ನೆರಳುಗಳೆಲ್ಲ ಗೋಡೆಯೊಳಗೆ ಹೊಕ್ಕುಬಿಡುತ್ತವೆ. ನಾಯಿಗಳೂ ಬೊಗಳುವುದಿಲ್ಲ. ಅಂಥ ಬೆಳಕಿನಲ್ಲಿ ಯಾರೋ ನೋಡುತ್ತಿದ್ದಾರೆ ಅನ್ನಿಸಿದರೆ ಖಂಡಿತ ನೋಡುತ್ತಿರುತ್ತಾರೆ. ಹೈದರಾಬಾದಿನ ಕಾನ್ವೆಂಟಿನಲ್ಲಿ ನಾನು ಓದುವಾಗ ಅತಿಥಿಗಳನ್ನು ಕೂರಿಸುವ ಪಾರ್ಲರಿನ ಗಾಜಿನ ಬೋಗುಣಿಯಲ್ಲಿ ಒಂಟಿ ಗೋಲ್ಡ್‌ಫಿಶ್ ಇತ್ತು. “ಗರ್ಲ್ಸ್, ಮೀನಿಗೆ ಐಲಿಡ್ಸ್ ಇಲ್ಲ. ಶಿ ಈಸ್ ಆಲ್ವೇಸ್ ವಾಚಿಂಗ್ ಯು” ಎಂದು ಹೇಳಿ ಸಿಸ್ಟರ್ ಒಬ್ಬರು ನಮ್ಮ ಡಿಸಿಪ್ಲಿನ್ ಕಾಪಾಡಿದ್ದರು. ಅಂದಿನಿಂದ ಮೀನಿಗೂ ನನಗೂ ದೂರದ ನಮಸ್ಕಾರ. ಲಿಂಗಾಯತರ ಮನೆಯಲ್ಲಿ ಹುಟ್ಟಿ, ಲಿಂಗಾಯತರ ಮನೆಗೇ ಸೊಸೆಯಾಗಿ ಬಂದವಳಿಗೆ ಆ ದೂರ ಕಾಯ್ದುಕೊಳ್ಳುವುದು ಕಷ್ಟವೇನೂ ಆಗಲಿಲ್ಲ. ಕೆಡಿಸಿದವಳು ಪಲ್ಲವಿ.

ಪಲ್ಲವಿ ನನ್ನ ಮೈದುನನ ಹೆಂಡತಿ ಶರಣಮ್ಮನ ಮೊಮ್ಮಗಳು. ಕಡಗಂಚಿಯಲ್ಲಿ ಎಂಜಿನಿಯರಿಂಗ್ ಓದುತ್ತಾಳೆ. ಭೂಸನೂರಿನ ಹತ್ತಿರದ ನಮ್ಮ ಹೊಲದ ಮನೆಗೆ ರಜೆಗೆಂದು ಬಂದವಳು ಮೊದಲು ಕೈಹಚ್ಚಿದ್ದು ಪಡಸಾಲೆಯ ಫ್ಯಾನಿಗೆ. ತಿಮಿಂಗಿಲದ ಈಜುರೆಕ್ಕೆಯ ಅಂಚಿನಲ್ಲಿ ಗಂಟುಗಳಿರುತ್ತವಂತೆ, ಅದನ್ನು ನೋಡಿ ಫ್ಯಾನಿನ ರೆಕ್ಕೆ ಮಾಡುತ್ತಾರಂತೆ. ನಮ್ಮ ಫ್ಯಾನಿನ ರೆಕ್ಕೆಗಳಿಗೂ ಪೈಪಿಗೆ ಮೆತ್ತುವ ಅಂಟಿನಿಂದ ಉಂಡೆ ಉಂಡೆ ಕೂರಿಸಿದಳು. ಬುಲೆಟ್ ಟ್ರೇನಿನ ಮೂತಿ ಮೀನು ಹಿಡಿಯುವ ಹಕ್ಕಿಯ ಕೊಕ್ಕಂತೆ. ಯಾವುದೋ ಕಾರು ಡಬ್ಬಿಯಂಥ ಮೀನಂತೆ. “ಹಂಗಾದ್ರ ಮನಷ್ಯಾರು ತಾವಾಗಿ ಏನೂ ಮಾಡೇ ಇಲ್ಲೇನ?” ಎಂದು ಶರಣಮ್ಮ ಕೇಳಿದಳು. “ಸುಮ್ನ ನೋಡ್ಯಾರ, ಆಯಿ” ಎಂದಳು ಹುಡುಗಿ. ಅಷ್ಟು ವರ್ಷ ಗಡಗಡ ಎನ್ನುತ್ತಿದ್ದ ಫ್ಯಾನು ಅಂದು ಸದ್ದು ನಿಲ್ಲಿಸಿತು. ಎಲ್ಲರೂ ಹೊಗಳಿದರು. ನನಗೆ ಮಾತ್ರ ಆ ಸದ್ದಿನ ಹಿಂದೆ ಇಷ್ಟು ದಿನ ಏನೇನು ಅಡಗಿಕೊಂಡಿತ್ತೋ ಎನ್ನಿಸತೊಡಗಿತು.

ಆಮೇಲೆ ಮೀನು. ಮೆತ್ತನೆಯ ಬೂದುಬಣ್ಣದ ರಬ್ಬರಿನದು, ಮೊಳದುದ್ದ, ಹೊಟ್ಟೆಯಲ್ಲಿ ಬ್ಯಾಟರಿ, ಬಾಲದಲ್ಲಿ ಪುಟ್ಟ ಮೋಟರು. ಮುಂದೆ ಕೆರೆ ಬಾವಿಗಳ ತಳ ನೋಡಿಬರಲು ಬಳಸಬಹುದಂತೆ. ಕಣ್ಣಿಗೆ ಎರಡು ಕಪ್ಪು ಗುಂಡಿ ಹಚ್ಚಿದ್ದಳು. ಎಲ್ಲಿ ಸಿಕ್ಕವು ಎಂದರೆ, “ದೊಡ್ಡ ಮುತ್ಯಾನ ಕೋಟಿಂದು. ನೀವೇ ಅಂದಿದ್ರಲ್ಲ, ಅದನ್ನ ಯಾರ್ ಹಾಕ್ಕೋತಾರ ಅಂತ?” ಎಂದಳು. ಅಂದಿದ್ದೆ. ನನ್ನ ಯಜಮಾನರು ಹೋಗಿ ಬಹಳ ಕಾಲವಾಯಿತು. ಆದರೂ ಒಂದು ಮಾತು ಕೇಳಬಹುದಿತ್ತು. ಅವರನ್ನಲ್ಲ, ನನ್ನನ್ನು.

ಈಜಿಸುವುದೆಲ್ಲಿ? ಹಿತ್ತಲಲ್ಲಿ ನಮ್ಮದೊಂದು ಹಳೆಯ ಹೌಜು ಇದೆ, ಉದ್ದನೆಯ ಕಲ್ಲಿನ ತೊಟ್ಟಿ. ಒಂದು ತುದಿಗೆ ಬೋರಿನ ಪೈಪು ನೀರು ಸುರಿಯುತ್ತದೆ, ಇನ್ನೊಂದು ತುದಿಯಿಂದ ನೀರು ಕಬ್ಬಿಗೆ ಹೋಗುತ್ತದೆ. ನಡುವೆ ಎಂದೋ ಚಪ್ಪರ ಹೊತ್ತಿದ್ದ ಒಂದು ಕಲ್ಲುಕಂಬ. ತ್ರೀ ಫೇಸ್ ಕರೆಂಟು ಬಂದಾಗ ಮೋಟರು ತಾನೇ ಚಾಲೂ ಆಗುತ್ತದೆ. ಶರಣಮ್ಮ ಲಿಂಗಪೂಜೆಗೆ ನೀರು ತರುವುದು ಇಲ್ಲಿಂದಲೇ. ಅದಕ್ಕೆ ಅಗ್ಘವಣಿ ಎನ್ನುತ್ತಾರೆ. ಬೇರೆ ನೀರು ಅವಳಿಗೆ ನಡೆಯುವುದಿಲ್ಲ. ಪೂಜೆಯಾಗದೆ ಒಂದು ತುತ್ತೂ ಬಾಯಿಗಿಡುವುದಿಲ್ಲ.

“ನಮ್ಮ ಹೌಜಿನಾಗ ಮೀನಾ? ಏನ್ ಬೇ, ತಲಿಗಿಲಿ ಕೆಟ್ಟದೇನ?” ಎಂದಳು ಶರಣಮ್ಮ.

“ಆಯಿ, ಭೀಮಾ ನದ್ಯಾಗ ಮೀನಿಲ್ಲೇನು? ಆ ನೀರು ನೀ ಕುಡದಿಲ್ಲೇನು?”

“ಅವು ನನ್ನ ಕಣ್ಣಿಗೆ ಬಿದ್ದಿಲ್ಲ.”

ಕೊನೆಗೆ ರಾಜಿಯಾಯಿತು. ಬ್ಯಾಟರಿ ಇದ್ದಾಗ ಮೀನು, ತೆಗೆದಾಗ ಬರೀ ರಬ್ಬರು, ಚಪ್ಪಲಿಗೆ ಸಮ. ರಬ್ಬರಾಗಿದ್ದಾಗ ಮಾತ್ರ ಪೂಜೆಗೆ ನೀರು ತರುವುದೆಂದು ಶರಣಮ್ಮನೇ ತೀರ್ಪು ಕೊಟ್ಟಳು. ಎರಡು ದಿನದಲ್ಲಿ ಬ್ಯಾಟರಿಗೆ ನೀರು ಹೊಕ್ಕಿತು. ಪಲ್ಲವಿ ಅದನ್ನು ಒಂದು ಸ್ಟೀಲ್ ಡಬ್ಬಿಯಲ್ಲಿ ಹಾಕಿ ನನ್ನ ಮಂಚದ ಪಕ್ಕದ ಗೂಡಿನಲ್ಲಿಟ್ಟು, ಹೊಸದು ತರಲು ಕಲಬುರಗಿಗೆ ಹೋದಳು. ರಬ್ಬರು ಬಿಸಿಲಿಗೆ ಬಿರಿಯುತ್ತದೆಂದು ಮೀನನ್ನು ಹೌಜಿನಲ್ಲೇ ಬಿಟ್ಟಳು.

ಶರಣಮ್ಮ ಆಗ ಜೇವರ್ಗಿಗೆ ತಂಗಿಯ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದಳು. ಅವಳಿಲ್ಲದಾಗ ನಾನು ಚಹಾ ಮಾಡಿಕೊಳ್ಳಲಿಲ್ಲ, ತಲೆ ಬಾಚಿಕೊಳ್ಳಲಿಲ್ಲ, ಸದ್ದಿಲ್ಲದ ಫ್ಯಾನಿನ ಕೆಳಗೆ ಮಲಗಿಯೇ ಇದ್ದೆ. ಯಾರಾದರೂ ಕೇಳಿದ್ದರೆ ‘ಐ ಆ್ಯಮ್ ಟೇಕಿಂಗ್ ರೆಸ್ಟ್’ ಎನ್ನುತ್ತಿದ್ದೆ. ಯಾರೂ ಕೇಳಲಿಲ್ಲ.

ಅವಳು ಬಂದಿಳಿದದ್ದು ಸರಿಯಾಗಿ ಅದೇ ಹಾಳು ಮಧ್ಯಾಹ್ನಕ್ಕೆ. ಬಸ್ಸಿನಲ್ಲೇ ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿದ್ದಳು. ಮನೆಗೆ ಬಂದ ಕೂಡಲೇ ಪೂಜೆ, ಊಟ ಎಂದು ಅವಳ ಲೆಕ್ಕ. ಸ್ನಾನ ಮಾಡಿ ಬಿಂದಿಗೆ ಹಿಡಿದು ಹಿತ್ತಲಿಗೆ ಹೋದವಳು ಖಾಲಿ ಬಿಂದಿಗೆಯೊಂದಿಗೆ ಬಂದು ನನ್ನ ಮಂಚದ ಕಾಲಿಗೆ ಒರಗಿ ಕೂತಳು.

“ಅಕ್ಕಾ, ಅದು ಈಜಾಕತ್ತದ.”

“ಹೆಂಗ ಈಜತದ? ಬ್ಯಾಟರಿ ಇಲ್ಲೇ ಅದ.”

“ಈಜಾಕತ್ತದ್ರಿ. ನನ್ನ ನೋಡ್ತು. ಭಾವನೋರು ನೋಡಿದಂಗ.”

ನಾನು ಗೂಡಿನ ಡಬ್ಬಿ ತೆಗೆದೆ. ಬ್ಯಾಟರಿ ಅಲ್ಲೇ ಇತ್ತು, ತಣ್ಣಗೆ. ರಾಕ್ಷಸನ ಜೀವ ಎಲ್ಲೋ ಗಿಳಿಯಲ್ಲಿರುವ ಕಥೆ ನೆನಪಾಯಿತು. ಇಲ್ಲಿ ಜೀವ ನನ್ನ ಕೈಯಲ್ಲೇ ಇದೆ, ಆದರೂ ರಾಕ್ಷಸ ಹಿತ್ತಲಲ್ಲಿ ಓಡಾಡುತ್ತಿದ್ದಾನೆ. ಶರಣಮ್ಮನ ತುಟಿ ಒಣಗಿತ್ತು, ಕೈ ನಡುಗುತ್ತಿತ್ತು. ಬೆಲ್ಲದ ಚೂರು ಕೊಟ್ಟರೆ ಬೇಡವೆಂದು ತಲೆಯಾಡಿಸಿದಳು, ಪೂಜೆಯಾಗಿಲ್ಲ. ಗುಳಿಗೆ ಹೊಟ್ಟೆಯೊಳಗೆ ಸಕ್ಕರೆ ಇಳಿಸುವ ತನ್ನ ಕೆಲಸ ಮಾಡುತ್ತಿತ್ತು. ಇವಳು ಇಲ್ಲೇ ಉರುಳಿಬಿದ್ದರೆ? ನಾನು ಎದ್ದೆ. ಒಂದು ಕೈಯಲ್ಲಿ ಕರಿದದ್ದನ್ನು ಎತ್ತುವ ಜಾಲರಿ ಸೌಟು, ಇನ್ನೊಂದರಲ್ಲಿ ಫೋನು.

ಹೌಜಿನ ಮೇಲೆ ಬಿಸಿಲು ಬಿಳಿಯ ಬಟ್ಟೆ ಹಾಸಿದ ಹಾಗಿತ್ತು. ಪೈಪು ಸುರಿಯುತ್ತಿತ್ತು. ಕಂಬದ ಹಿಂದೆ, ನೀರು ಬರುವ ಕಡೆಗೆ ಮುಖ ಮಾಡಿ, ಅದು ನಿಂತಿತ್ತು. ಅವಸರವಿಲ್ಲದೆ ಮೈ ಬಳುಕಿಸುತ್ತಿತ್ತು, ಎಡಕ್ಕೆ, ಬಲಕ್ಕೆ. ಆಗಾಗ ಬಾಲ ಕಂಬಕ್ಕೆ ತಾಗಿ ಪಟ್, ಪಟ್ ಎನ್ನುತ್ತಿತ್ತು. ಕೊಚ್ಚಿಹೋಗಬೇಕಾದದ್ದು ಹೋಗುತ್ತಿರಲಿಲ್ಲ. ಮುಂದಕ್ಕೇ ಬರುತ್ತಿತ್ತು. ಗುಂಡಿಯ ಕಣ್ಣು ನನ್ನನ್ನು ನೋಡಿತು, ಚಹಾ ತಡವಾದಾಗ ಯಜಮಾನರು ನೋಡುತ್ತಿದ್ದ ಹಾಗೆಯೇ. ನನ್ನ ಬಾಯಿಂದ “ಎಕ್ಸ್‌ಕ್ಯೂಸ್ ಮಿ” ಎಂದು ಹೊರಟಿತು. ಕಾನ್ವೆಂಟಿನ ಶಿಕ್ಷಣ ಎಲ್ಲಿ ಕೈಹಿಡಿಯುತ್ತದೋ ಹೇಳಲಾಗದು.

ಪಲ್ಲವಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆ. ಅಷ್ಟರಲ್ಲಿ ಶರಣಮ್ಮನೂ ಗೋಡೆ ಹಿಡಿದುಕೊಂಡು ಬಂದು ನಿಂತಳು.

“ದೊಡ್ಡಾಯಿ, ಮೋಟರ್ ಚಾಲೂ ಅದೇನು? ಕಂಬದ ಹಿಂದ ನಿಂತದ? ಅಯ್ಯೋ, ನಾ ಇಷ್ಟ ದಿನ ಒದ್ದಾಡಿದ್ದು ಇದಕ್ಕರಿ! ಮುಟ್ಟಬ್ಯಾಡ್ರಿ, ವಿಡಿಯೋ ಮಾಡ್ರಿ!” ಹುಡುಗಿ ಫೋನಿನಲ್ಲೇ ಕುಣಿಯುತ್ತಿದ್ದಳು. ಕಂಬಕ್ಕೆ ಬಡಿದ ನೀರು ಅದರ ಹಿಂದೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸುಳಿ ಸುತ್ತುತ್ತದಂತೆ. ಮೆತ್ತನೆಯ ಮೈ ಆ ಸುಳಿಗೆ ಬಾಗುತ್ತದಂತೆ. ಬಾಗಿದ್ದೇ ಮುಂದಕ್ಕೆ ತಳ್ಳುತ್ತದಂತೆ. “ಖರೇ ಮೀನು ಸತ್ತರೂ ಹಂಗೇ ಈಜತದರಿ. ಲ್ಯಾಬಿನಾಗ ನೋಡ್ಯಾರ.”

“ಸತ್ತದ್ದು ಈಜತದಂತ?” ಶರಣಮ್ಮನ ದನಿ ಪಾತಾಳಕ್ಕಿಳಿಯಿತು. ವಿಜ್ಞಾನ ಬಂದು ವಿಷಯವನ್ನು ಇನ್ನಷ್ಟು ಕೆಡಿಸಿತ್ತು.

ನಾನು ಹೋಗಿ ಸ್ಟಾರ್ಟರ್ ಒತ್ತಿ ಮೋಟರು ನಿಲ್ಲಿಸಿದೆ. ನೀರು ಸಣ್ಣಗಾಯಿತು, ನಿಂತಿತು. ಮೀನು ನಿಧಾನಕ್ಕೆ ಪಕ್ಕಕ್ಕೆ ಹೊರಳಿ ಒಂದೇ ಕಣ್ಣಲ್ಲಿ ಆಕಾಶ ನೋಡುತ್ತ ತೇಲಿತು.

“ಹೋತೇನ್ರಿ?” ಎಂದಳು ಶರಣಮ್ಮ.

“ಹೋತು. ತಂಗಿ, ನಮ್ಮೊಳಗ ಸಾವಿಗೆ ಸೂತಕ ಅದ ಏನು?”

“ಇಲ್ಲ. ಶರಣರು ಎಲ್ಲಿ ಇಟ್ಟಾರ ಸೂತಕ?”

“ಮತ್ತ? ಜೀವ ಇದ್ದರ ಅದು ಭೀಮಾ ನದಿ ಮೀನಿದ್ದಂಗ. ಸತ್ತಿದ್ದರ ಸೂತಕಿಲ್ಲ. ನೀರು ತಗೋ.”

ಅವಳು ಒಳಗೆ ಹೋಗಿ ಬಿಂದಿಗೆ ತಂದಳು. “ನಿಂತ ನೀರು ಬ್ಯಾಡ್ರಿ. ಮೋಟರ್ ಹಚ್ಚರಿ, ಪೈಪಿನ ನೀರೇ ಹಿಡೀತೇನಿ.” ಹಚ್ಚಿದೆ. ಪೈಪು ಕೆಮ್ಮಿ ಸುರಿಯಿತು. ತೇಲುತ್ತಿದ್ದದ್ದು ನೆಟ್ಟಗಾಯಿತು, ಕಂಬದ ಹಿಂದೆ ತನ್ನ ಜಾಗಕ್ಕೆ ಬಂದು ಬಾಲ ಆಡಿಸತೊಡಗಿತು. ಶರಣಮ್ಮ ಅದಕ್ಕೆ ಬೆನ್ನು ತಿರುಗಿಸದೆ, ಸೆರಗು ತಲೆಯ ಮೇಲೆ ಎಳೆದುಕೊಂಡು, ಬಿಂದಿಗೆ ತುಂಬಿಸಿದಳು. ಪೂಜೆಯಾಯಿತು, ಎರಡು ರೊಟ್ಟಿ ಉಂಡಳು, ಕೈಯ ನಡುಕ ನಿಂತಿತು. ನಾನು ಸಮಾಧಾನದಿಂದ ಬಂದು ಮಲಗಿದೆ.

ಮರುದಿನ ಬೆಳಿಗ್ಗೆ ಎಚ್ಚರವಾದಾಗ ಮೇಲೆ ಫ್ಯಾನು ಸದ್ದಿಲ್ಲದೆ ತಿರುಗುತ್ತಿತ್ತು. ಏಳಬೇಕೆಂದು ಅನ್ನಿಸಲಿಲ್ಲ, ಏಳುವುದಕ್ಕೆ ಕಾರಣವೂ ಹೊಳೆಯಲಿಲ್ಲ. ಗೂಡಿನಲ್ಲಿ ಬ್ಯಾಟರಿಯ ಡಬ್ಬಿ ಹಾಗೆಯೇ ಇತ್ತು. ಅಷ್ಟರಲ್ಲಿ ಅಡುಗೆಮನೆಯಲ್ಲಿ ಶರಣಮ್ಮ ರೊಟ್ಟಿ ಬಡಿಯಲು ಶುರುಮಾಡಿದಳು, ಪಟ್, ಪಟ್. ಚಹಾದ ವಾಸನೆ ಬಂತು. “ಅಕ್ಕಾ, ಎದ್ದೀರೇನ್ರಿ?”

ನಾನು ಎಡಕ್ಕೊಮ್ಮೆ ಹೊರಳಿದೆ, ಬಲಕ್ಕೊಮ್ಮೆ ಹೊರಳಿದೆ. ನೋಡಿದರೆ ಆಗಲೇ ಎದ್ದು ಕೂತಿದ್ದೆ, ಮುಖ ಅಡುಗೆಮನೆಯ ಕಡೆಗಿತ್ತು.