ಹೊಂದಿಕೊಳ್ಳುತ್ತೀರಾ ಎಂದು ಕೇಳಿದಾಗ

ಕನ್ಸಲ್ಟಿಂಗ್ ಕೆಲಸದ ಇಂಟರ್‌ವ್ಯೂಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: "ಒಬ್ಬೊಬ್ಬ ಕ್ಲೈಂಟ್‌ನ ರೀತಿ ರಿವಾಜು ಒಂದೊಂದು ಥರ ಇರುತ್ತೆ. ನೀವು ಹೇಗೆ ಹೊಂದಿಕೊಳ್ತೀರಿ?" ಈ ಪ್ರಶ್ನೆಗೆ ನಾನು ಉತ್ತರ ಹೇಳಿದ್ದೂ ಇದೆ, ಈಗ ಹನ್ನೊಂದು ವರ್ಷದ ಮೇಲೆ ಮೇಜಿನ ಆಚೆ ಬದಿಗೆ ಕೂತು ಕೇಳುತ್ತಿರುವುದೂ ಇದೆ. ಎರಡೂ ಕಡೆ ಮರ್ಯಾದೆ ಹೋಗಿರುವುದು ಮಾತ್ರ ನನ್ನದೇ.

ಬೇರೆಯವರ ಕಂಪನಿಗೆ ಹೋಗಿ, ಅವರ ಕೆಲಸ ನೋಡಿ, ಹೀಗಲ್ಲ ಹಾಗೆ ಮಾಡಿ ಎಂದು ಹೇಳುವುದು ನಮ್ಮ ಕಸುಬು. ಹೇಳುವುದೇನೋ ಸುಲಭ. ಕೇಳುವವರು ಮನುಷ್ಯರು, ತೊಂದರೆ ಅಲ್ಲಿಂದಲೇ ಶುರು.

ಬಲಗಡೆ ಕೂತಿದ್ದ ಸಾರ್

ನನ್ನ ಇಂಟರ್‌ವ್ಯೂ ನಡೆದದ್ದು ಹೆಬ್ಬಾಳದ ಫ್ಲೈಓವರ್ ಕಾಣುವ ಆಫೀಸಿನಲ್ಲಿ. ನನ್ನ ಹಳೆಯ ಕಂಪನಿ ಮುಚ್ಚಿ ಐದು ತಿಂಗಳಾಗಿತ್ತು. ಆರ್.ಟಿ. ನಗರದ ಮನೆಯಲ್ಲಿ ಅಮ್ಮಿ ಏನೂ ಕೇಳುತ್ತಿರಲಿಲ್ಲ. ಅವರು ಏನೂ ಕೇಳದೇ ಇರುವುದೇ ನನಗೆ ಹೆಚ್ಚು ಹೆದರಿಕೆ. ಹಾಗಾಗಿ ಚೆನ್ನಾಗಿ ಉರು ಹೊಡೆದು ಹೋಗಿದ್ದೆ. ಜಪಾನಿನವರಿಗೆ ಕಾರ್ಡನ್ನು ಎರಡೂ ಕೈಯಲ್ಲಿ ಕೊಡಬೇಕು, ಜರ್ಮನಿಯವರ ಮೀಟಿಂಗಿಗೆ ಒಂದು ನಿಮಿಷವೂ ತಡವಾಗಬಾರದು, ಅಮೆರಿಕದವರ ಹತ್ತಿರ ಮೊದಲು ಹವಾಮಾನ ಮಾತಾಡಬೇಕು. ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದೆ.

ಎದುರಿಗೆ ಮೂವರಿದ್ದರು. ಎಡಗಡೆ ಇದ್ದ ಹಿರಿಯ ಮೇಡಂ ಪೆನ್ನು ಕೆಳಗಿಟ್ಟರು.

"ಜಪಾನ್ ಇರ್ಲಿ. ಅರ್ಧ ಗಂಟೆಯಿಂದ ನಮ್ಮ ಮೂವರ ಮುಂದೆ ಕೂತಿದ್ದೀರಲ್ಲ, ನಮ್ಮ ಬಗ್ಗೆ ಏನು ತಿಳ್ಕೊಂಡ್ರಿ?"

ಇದು ಸಿಲೆಬಸ್‌ನಲ್ಲೇ ಇರಲಿಲ್ಲ. ಕೆಲಸ ಹೇಗೂ ಹೋಯಿತು ಅನ್ನಿಸಿತು. ಹೋದಮೇಲೆ ಸುಳ್ಳು ಯಾಕೆ ಎಂದು ಇದ್ದದ್ದನ್ನೇ ಹೇಳಿಬಿಟ್ಟೆ.

"ಮಧ್ಯದಲ್ಲಿರೋ ಸಾರ್ ನನ್ನ ರೆಸ್ಯೂಮೆ ಈಗ್ಲೇ ಮೊದಲನೇ ಸಲ ಓದ್ತಿರೋದು. ನಿಮಗೆ ನನ್ನ ಉತ್ತರ ಬೋರಾಯ್ತು. ಬಲಗಡೆ ಸಾರ್‌ಗೆ ಹಸಿವಾಗಿದೆ, ಹೊರಗಡೆ ಡಬ್ಬಿ ತೆಗೆದ ಸದ್ದು ಬಂದಾಗೆಲ್ಲ ಬಾಗಿಲು ನೋಡ್ತಾರೆ."

ಮಧ್ಯದ ಸಾರ್ ರೆಸ್ಯೂಮೆ ಕೆಳಗಿಟ್ಟರು. ಆಮೇಲೆ ಮೇಡಂ ಒಬ್ಬರೇ ನಕ್ಕರು. ಎರಡು ದಿನಕ್ಕೆ ಆಫರ್ ಲೆಟರ್ ಬಂತು.

ನನ್ನ ಸೂಕ್ಷ್ಮ ದೃಷ್ಟಿ ಮೆಚ್ಚಿ ತಗೊಂಡರು ಅಂತ ಬಹಳ ದಿನ ಬೀಗುತ್ತಿದ್ದೆ. ಒಂದು ದಿನ ಬಲಗಡೆಯ ಸಾರ್ ಕ್ಯಾಂಟೀನಿನಲ್ಲಿ ಸಿಕ್ಕು ಹೇಳಿದರು: "ಸೂಕ್ಷ್ಮಾನೂ ಇಲ್ಲ ಏನೂ ಇಲ್ಲ ಕಣಮ್ಮ. ನಿನ್ನನ್ನ ಬೇಡ ಅಂದಿದ್ರೆ ಇನ್ನೂ ನಾಲ್ಕು ಜನಾನ ನೋಡ್ಬೇಕಿತ್ತು. ಊಟ ಮೂರು ಗಂಟೆಗೆ ಹೋಗ್ತಿತ್ತು."

ಎಲ್ಲದಕ್ಕೂ ಊಂ

ಮೊದಲನೇ ಕ್ಲೈಂಟು ಹೆಸರಘಟ್ಟದ ಕಡೆಯ ಒಂದು ಚಿಕ್ಕ ಡೇರಿ. ಯಜಮಾನರಿಗೆ ಅರವತ್ತರ ಮೇಲೆ. ಹೆಗಲ ಮೇಲೆ ಟವೆಲ್ಲು, ಮುಖದ ತುಂಬ ನಗು. ಬೆಳಗಿನ ಹಾಲನ್ನು ಒಂದು ಗಂಟೆ ಮುಂಚೆ ಕರೆಸಿ ಸಂಗ್ರಹಿಸಬೇಕು, ಕ್ಯಾನುಗಳಿಗೆ ಬಣ್ಣದ ಗುರುತು ಹಾಕಬೇಕು, ಹೀಗೆ ಹನ್ನೆರಡು ಬದಲಾವಣೆ ಹೇಳಿದೆ. ಹನ್ನೆರಡಕ್ಕೂ ಅವರು, "ಊಂ, ಮಾಡಾಣ ತಾಯಿ" ಅಂದರು. ಮೇಲಿಂದ ಮಜ್ಜಿಗೆ ಕೊಟ್ಟರು. ಆಫೀಸಿಗೆ ಬಂದು, "ಕ್ಲೈಂಟ್ ನೂರಕ್ಕೆ ನೂರು ಒಪ್ಪಿದ್ದಾರೆ" ಎಂದು ಮೇಡಂಗೆ ವರದಿ ಬರೆದೆ.

ಒಂದು ತಿಂಗಳ ಮೇಲೆ ಹೋಗಿ ನೋಡಿದರೆ ಒಂದು ಕ್ಯಾನೂ ಅಲ್ಲಾಡಿರಲಿಲ್ಲ.

"ಎಲ್ಲಾನೂ ಒಪ್ಕೊಂಡಿದ್ರಲ್ಲ ಯಜಮಾನ್ರೇ?"

"ಮನೆಗೆ ಬಂದೋರ್ಗೆ ಇಲ್ಲ ಅಂತ ಎಂಗನ್ನೋದು ತಾಯಿ? ನೀವ್ ಅತ್ಲಾಗ್ ಓದ್ಮೇಲೆ ನಿಧಾನಕ್ಕೆ ಇಲ್ಲ ಅಂದ್ವಿ."

ಕೋಪ ಬಂದರೂ ಅವರ ಮುಖ ನೋಡಿ ಹೇಳಲಾಗಲಿಲ್ಲ. ವರದಿಯಲ್ಲಿ ಬರೆದದ್ದನ್ನು ಹೇಗೆ ಅಳಿಸಲಿ ಎಂದು ಯೋಚಿಸುತ್ತ, ಲ್ಯಾಪ್‌ಟಾಪ್ ಮುಚ್ಚಿ ಕೊಟ್ಟಿಗೆಯ ಕಟ್ಟೆ ಮೇಲೆ ಕೂತೆ. ಅವರೂ ಪಕ್ಕದಲ್ಲಿ ಕೂತರು. ಆಗ ನಿಜವಾದ ಮಾತು ಹೊರಗೆ ಬಂತು. ಹನ್ನೆರಡರಲ್ಲಿ ಮೂರು ಆಗುವಂಥದ್ದು, ಉಳಿದದ್ದು ಆಗದ್ದು. ಯಾವುದು ಯಾಕೆ ಆಗುವುದಿಲ್ಲ ಎಂದು ಒಂದೊಂದಾಗಿ ಹೇಳಿದರು. ಆ ಮೂರನ್ನು ಅವರು ಮಾಡಿಯೂ ಮಾಡಿದರು. ಅವತ್ತಿನಿಂದ ನಾನು ಮೀಟಿಂಗಿನಲ್ಲಿ ಹೂಂ ಅಂದದ್ದನ್ನು ಬರೆದುಕೊಳ್ಳುವುದಿಲ್ಲ, ಎದ್ದಮೇಲೆ ಗೇಟಿನ ಹತ್ತಿರ ಏನು ಹೇಳುತ್ತಾರೋ ಅದನ್ನು ಬರೆದುಕೊಳ್ಳುತ್ತೇನೆ.

ಹಾಲು ಬೇಗ ಕರೆಸುವ ವಿಚಾರಕ್ಕೆ ಮಾತ್ರ ಅವರು ಕೊನೆಗೂ ಬಗ್ಗಲಿಲ್ಲ. "ಜನಕ್ಕೆ ನಾನ್ ಯೋಳ್ತೀನಿ ತಾಯಿ. ಅಸುಗಳಿಗೆ ನೀವೇ ಒಂದು ಮೀಟಿಂಗ್ ಮಾಡ್ಬುಡಿ."

ನಮ್ಮವರೇ ಅಲ್ವಾ

ಮೂರನೇ ವರ್ಷ ನಮ್ಮ ಆರ್.ಟಿ. ನಗರದಲ್ಲೇ ಒಂದು ಬಿಸ್ಕತ್ತು ತಯಾರಿಸುವ ಕುಟುಂಬದ ಕೆಲಸ ಬಂತು. ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಅವರ ಮನೆಯಲ್ಲೂ ನಮ್ಮ ಹಾಗೇ ದಖ್ಖನಿ ಉರ್ದು. "ನಮ್ಮವರೇ ಅಲ್ವಾ, ಇಲ್ಲಿ ಹೊಂದಿಕೊಳ್ಳೋದೇನಿದೆ?" ಎಂದು, ಅವರು ಕೊಟ್ಟ ಲೆಕ್ಕಪತ್ರ ನೋಡಿ ವರದಿ ಬರೆದು ಕಳಿಸಿದ್ದು ಬಿಟ್ಟರೆ ಬೇರೆ ಯಾವ ತಯಾರಿಯೂ ಇಲ್ಲದೆ ಹೋದೆ. ಜೊತೆಗೆ ನನ್ನ ಸಹೋದ್ಯೋಗಿ, ಮಂಡ್ಯದವರು, ಉರ್ದುವಿನಲ್ಲಿ ಒಂದಕ್ಷರವೂ ಬಾರದವರು.

ಮಾಲೀಕರು ನನ್ನನ್ನು ನೋಡಿದ ಕೂಡಲೇ, "ಆಜಾ ಬೇಟಿ" ಎಂದು ಕರೆದು ಅಪ್ಪನ ಹೆಸರು ಕೇಳಿದರು, ಅಜ್ಜನ ಊರು ಕೇಳಿದರು, ಮದುವೆ ಯಾವಾಗ ಎಂದೂ ಕೇಳಿದರು. ಆಮೇಲೆ ಪ್ರೀತಿಯಿಂದ, "ಒಳಗೆ ಹೋಗಿ ಊಟ ಮಾಡಮ್ಮ, ಹೊರಗೆ ನಾವು ಗಂಡಸರು ಕೆಲಸದ ಮಾತು ಮುಗಿಸ್ತೀವಿ" ಎಂದು ನನ್ನ ವರದಿಯನ್ನು ಸಹೋದ್ಯೋಗಿಯ ಕೈಗೆ ಕೊಟ್ಟರು. ಆ ವರದಿ ಬರೆದವಳು ನಾನು. ಸಹೋದ್ಯೋಗಿ ಬಂದದ್ದು ಆಫೀಸಿನಿಂದ ಕಾರು ಓಡಿಸಲಿಕ್ಕೆ ಮತ್ತು ಲೆಕ್ಕದ ಎರಡು ಪುಟ ನೋಡಲಿಕ್ಕೆ.

ಅವಮಾನವಾಯಿತು. ಪರದೇಶದವರು ಹೀಗೆ ಮಾಡಿದ್ದರೆ ಅವರ ರಿವಾಜು ಎಂದು ಸುಮ್ಮನಿರುತ್ತಿದ್ದೆನೇನೋ. ನಮ್ಮವರೇ ಮಾಡಿದಾಗ ಸಹಿಸಲಾಗಲಿಲ್ಲ. ಎದ್ದು ಹೋಗಿಬಿಡಲೇ ಎಂದುಕೊಳ್ಳುತ್ತಲೇ ಒಳಗೆ ಹೋದೆ. ಅಲ್ಲಿ ಮಾಲೀಕರ ಹೆಂಡತಿ ನೆಲದ ಮೇಲೆ ಕೂತು ಮೂರು ರಿಜಿಸ್ಟರ್ ಹರಡಿಕೊಂಡಿದ್ದರು. ತಟ್ಟೆ ನನ್ನ ಮುಂದೆ ತಳ್ಳಿ, "ನಿನ್ನ ವರದಿ ನಿನ್ನೆಯೇ ಓದಿದೆ. ನಾಲ್ಕನೇ ಪುಟ ತಪ್ಪು. ಮೈದಾ ಯಾರ ಹತ್ರ ತರಿಸೋದು ಅಂತ ತೀರ್ಮಾನ ಮಾಡೋದು ನಾನು" ಅಂದರು.

ಎರಡು ಗಂಟೆ ಕೂತು ಎಲ್ಲವನ್ನೂ ಸರಿ ಮಾಡಿದೆವು. ಹೊರಗೆ ಬಂದಾಗ ಸಹೋದ್ಯೋಗಿ ಬೆವರುತ್ತಿದ್ದರು.

"ನಿಮ್ಮದೇನಾಯ್ತು?" ಎಂದೆ.

"ಏನೂ ಇಲ್ಲ ಕಣ್ರೀ. ಪ್ರತಿ ಮಾತಿಗೂ 'ಒಳಗೆ ಕೇಳಿ ಹೇಳ್ತೀನಿ' ಅಂತಾರೆ!"

ಇಬ್ಬರು ಮಂಜುನಾಥರು

ಇದು ಕಳೆದ ವರ್ಷದ್ದು. ಈಗ ಮೇಡಂ ನಿವೃತ್ತರಾಗಿದ್ದಾರೆ, ಅವರ ಕುರ್ಚಿಯಲ್ಲಿ ನಾನು. ನನ್ನ ಜೊತೆ ಇಬ್ಬರು ಮ್ಯಾನೇಜರುಗಳು. ಮಧ್ಯಾಹ್ನದ ಅಭ್ಯರ್ಥಿಯ ಹೆಸರು ಮಂಜುನಾಥ್. ರಿಸೆಪ್ಶನ್‌ನಲ್ಲಿ ಹೆಸರು ಕೂಗಿದಾಗ ಇಬ್ಬರು ಎದ್ದು ನಿಂತಿದ್ದರು, ಮುಂದೆ ಇದ್ದವರನ್ನು ಒಳಗೆ ಕಳಿಸಿದರು. ಇದು ನಮಗೆ ತಿಳಿದದ್ದು ಆಮೇಲೆ.

ಒಳಗೆ ಬಂದವರಿಗೆ ನಲವತ್ತರ ಆಸುಪಾಸು. ಇಸ್ತ್ರಿ ಮಾಡಿದ ಶರ್ಟು, ಕುತ್ತಿಗೆಯಲ್ಲಿ ಐಡಿ ಕಾರ್ಡು, ಕೈಯಲ್ಲಿ ಬ್ಯಾಗು.

"ಎಷ್ಟು ವರ್ಷದ ಅನುಭವ?"

"ಹದಿನಾಲ್ಕು ವರ್ಷ ಮೇಡಂ, ಪೂರ್ತಿ ಫೀಲ್ಡಲ್ಲೇ."

ನಾನು ಮಾಮೂಲಿ ಪ್ರಶ್ನೆ ಕೇಳಿದೆ. ಅವರು ಸ್ವಲ್ಪವೂ ತಡವರಿಸಲಿಲ್ಲ.

"ಬಾಗಿಲಲ್ಲೇ ಗೊತ್ತಾಗುತ್ತೆ ಮೇಡಂ. ಯಲಹಂಕದಲ್ಲಿ ಒಬ್ರು ಅಜ್ಜಿ ಇದಾರೆ. ನಾನು ಏನಾದ್ರೂ ಮುಟ್ಟೋ ಮುಂಚೆ ಅವ್ರ ಎದುರಿಗೇ ಕೈ ತೊಳ್ಕೋಬೇಕು. ತೊಳ್ಕೊಂಡೇ ಹೋಗಿದ್ರೂ ಇನ್ನೊಂದ್ಸಲ ತೊಳೀತೀನಿ. ಬಾಗಲಗುಂಟೇಲಿ ಒಬ್ರು ಸಾರ್‌ಗೆ ಕೆಲಸಕ್ಕಿಂತ ಮಾತು ಬೇಕು. ಅವ್ರ ಮಗಳ ಓದಿನ ವಿಷಯ ಕೇಳಿದ್ಮೇಲೇನೇ ನಾನು ಬ್ಯಾಗ್ ತೆಗೆಯೋದು. ಒಂದು ದೊಡ್ಡ ಅಪಾರ್ಟ್‌ಮೆಂಟ್‌ನಲ್ಲಿ ಒಬ್ರಿಗೆ ಮಾತಂದ್ರೇ ಆಗಲ್ಲ. ಎದುರಿಗೆ ನಿಂತ್ಕೊಂಡೇ ಮೆಸೇಜ್ ಮಾಡ್ತಾರೆ, ನಾನೂ ಅಲ್ಲೇ ನಿಂತ್ಕೊಂಡು ರಿಪ್ಲೈ ಮಾಡ್ತೀನಿ."

"ಕ್ಲೈಂಟ್ ಸಿಟ್ಟು ಮಾಡ್ಕೊಂಡ್ರೆ?"

"ಬೈಯೋಕೆ ಬಿಡ್ತೀನಿ. ಹತ್ತು ನಿಮಿಷ ಆದ್ಮೇಲೆ ಅವ್ರೇ ಟೀ ಕೊಡ್ತಾರೆ."

ನಮ್ಮ ಒಬ್ಬ ಮ್ಯಾನೇಜರು ಪೂರ್ತಿ ಅಂಕ ಹಾಕಿ ಕೆಳಗೆ ಗೆರೆ ಎಳೆದರು. ಇನ್ನೊಬ್ಬರು ನನ್ನ ಕಿವಿಯಲ್ಲಿ, "ಇಷ್ಟು ವರ್ಷದಲ್ಲಿ ಇಂಥ ಉತ್ತರ ಕೇಳಿರಲಿಲ್ಲ" ಅಂದರು. ನನಗೂ ಹಾಗೇ ಅನ್ನಿಸಿತ್ತು.

"ನಮ್ಮನ್ನ ಕೇಳೋದು ಏನಾದ್ರೂ ಇದೆಯಾ?"

"ಒಂದೇ ಮೇಡಂ. ಕೆಟ್ಟೋಗಿರೋ ವಾಟರ್ ಫಿಲ್ಟರ್ ಎಲ್ಲಿದೆ?"

ಮೂವರೂ ಎದ್ದು ಪ್ಯಾಂಟ್ರಿಗೆ ಓಡಿದೆವು. ಅಲ್ಲಿ ನಿಜವಾದ ಅಭ್ಯರ್ಥಿ ಕೋಟು ಬಿಚ್ಚಿಟ್ಟು, ಟೈಯನ್ನು ಶರ್ಟಿನೊಳಗೆ ಸಿಕ್ಕಿಸಿಕೊಂಡು, ಫಿಲ್ಟರಿನ ಒಂದೊಂದೇ ಭಾಗವನ್ನು ಟಿಶ್ಯೂ ಪೇಪರಿನ ಮೇಲೆ ಸಾಲಾಗಿ ಜೋಡಿಸಿಟ್ಟಿದ್ದ. ಯಾರೋ "ಇದನ್ನ ನೋಡಿ" ಎಂದು ತೋರಿಸಿ ಹೋಗಿದ್ದರಂತೆ.

"ಇದು ಟೆಸ್ಟ್ ಅನ್ಕೊಂಡೆ ಮೇಡಂ. ಪ್ರಾಬ್ಲಂನ ಚಿಕ್ಕ ಚಿಕ್ಕ ಭಾಗ ಮಾಡಿದ್ದೀನಿ. ವಾಪಸ್ ಜೋಡಿಸೋದು ಒಂದು ಬಾಕಿ."

ಕೆಲಸ ಅವನಿಗೇ ಕೊಟ್ಟೆವು. ಆದರೂ ನನ್ನ ಮನಸ್ಸು ತಡೆಯಲಿಲ್ಲ. ಆ ತುಂಡುಗಳನ್ನೆಲ್ಲ ಕಾಲು ಗಂಟೆಯಲ್ಲಿ ಜೋಡಿಸಿ, ಒಂದೊಂದು ಲೋಟ ನೀರು ಹಿಡಿದು ನಮ್ಮ ಮೂವರ ಕೈಗೂ ಕೊಟ್ಟ ದೊಡ್ಡ ಮಂಜುನಾಥರನ್ನು ಕೇಳಿದೆ: "ನಾನು ತಮಾಷೆ ಮಾಡ್ತಿಲ್ಲ. ನಿಮ್ಮಂಥವರು ನಮಗೆ ಬೇಕು. ಇಲ್ಲಿ ಕೆಲಸಕ್ಕೆ ಬರ್ತೀರಾ?"

ಅವರು ಸ್ಕ್ರೂಡ್ರೈವರ್ ಒರೆಸುತ್ತ ನಿಜವಾಗಿಯೂ ಯೋಚಿಸಿದರು.

"ಬೇಡ ಮೇಡಂ. ನಮ್ದಾದ್ರೆ ನಲ್ಲಿ ತಿರುಗಿಸಿದ್ ತಕ್ಷಣ ಸರಿ ಹೋಯ್ತೋ ಇಲ್ವೋ ಗೊತ್ತಾಗ್ಬಿಡುತ್ತೆ. ನಿಮ್ದು ಹೆಂಗ್ ಗೊತ್ತಾಗುತ್ತೆ?"

ನಾವು ಮೂವರೂ ಲೋಟ ಎತ್ತಿ ನೀರು ಕುಡಿದೆವು.