ಅರಮನೆಗೆ ಅಡ್ಡದಾರಿ

ಮೈಸೂರನ್ನು ಒಂದೇ ಶನಿವಾರದಲ್ಲಿ, ಬರೀ ಎರಡು ಕಾಲುಗಳ ಬಲದಿಂದ ಗೆದ್ದು ಬರುತ್ತೇನೆ ಎಂದು ನಾನು ಘೋಷಿಸಿದ್ದು ತೊಂಬತ್ನಾಲ್ಕರ ಡಿಸೆಂಬರಿನಲ್ಲಿ. ಘೋಷಣೆ ಕೇಳಿದ ಅಪಾರ ಜನಸ್ತೋಮವೆಂದರೆ ನನ್ನ ಹೆಂಡತಿ ನೀಲಾವತಿ ಒಬ್ಬಳೇ. ಮದುವೆಯಾಗಿ ಆರು ವರ್ಷವಾದರೂ ಅವಳು ಅರಮನೆ ನೋಡಿರಲಿಲ್ಲ.

ನಾನು ಬೇಗೂರಿನ ಪೋಸ್ಟ್‌ಮ್ಯಾನ್. ‘ದೊಡ್ಡಬೀರಯ್ಯ, ಹುಣಸೇಮರದ ಹಿಂದುಗಡೆ’ ಎಂದಷ್ಟೇ ಬರೆದಿದ್ದ ಕಾಗದವನ್ನೂ ಮನೆ ಮುಟ್ಟಿಸಿದ ಧೀರ! ಅಂಥವನಿಗೆ ಮೈಸೂರು ಯಾವ ಲೆಕ್ಕ?

“ಆಟೋ ಮಾಡ್ಕಳನ ಕಣ್ರೀ,” ಬಸ್ಸಿನಿಂದ ಇಳಿಯುತ್ತಲೇ ನೀಲಾವತಿ ಅಂದಳು.

“ಆಟೋದಲ್ಲಿ ಓದ್ರೆ ಊರು ಕಾಣಕಿಲ್ಲ, ಡ್ರೈವರ್ ಬೆನ್ನು ಕಾಣ್ತದೆ. ನಡಿ ನನ್ನಿಂದೆ!”

ನಡೆದೆವು. ಹತ್ತು ಗಂಟೆಗೆ ಒಂದು ಹೂವಿನಂಗಡಿ ದಾಟಿದೆವು. ಹನ್ನೊಂದಕ್ಕೆ ಇನ್ನೊಂದು. ಹನ್ನೆರಡಕ್ಕೆ ಮತ್ತೊಂದು.

“ಮೈಸೂರಲ್ಲಿ ಹೂವಿನ ವ್ಯಾಪಾರ ಜೋರು ಕಣೆ,” ಎಂದೆ.

ಹೂ ಕಟ್ಟುತ್ತಿದ್ದ ಮುದುಕಿ ತಲೆಯೆತ್ತಿದಳು. “ಏನಮ್ಮಿ, ಬೆಳಗ್ಗಿಂದ ನನ್ನಂಗಡಿ ಮೂರ್ ಸುತ್ತು ಬಂದ್ರಲ್ಲ, ಅರಕೆ ಗಿರಕೆ ಅದಾ?”

ಮುದುಕಿಯ ಹೆಸರು ಮಂಚಮ್ಮ, ಊರು ಉಮ್ಮತ್ತೂರು. ನಮ್ಮ ಕಡೆಯವಳೆಂದು ಗೊತ್ತಾದದ್ದೇ ನೀಲಾವತಿ ನನ್ನನ್ನು ಪಕ್ಕಕ್ಕೆ ಸರಿಸಿ ಕೇಳಿದಳು, “ಅರಮನೆಗೆ ಎಂಗೋಗದವ್ವ?”

“ಇಂಗೇ ನೆಟ್ಟಗೋಗು. ಐದು ನಿಮಿಷ.”

ನೆಟ್ಟಗೆ ಹೋಗುವುದಕ್ಕೆ ಪೋಸ್ಟ್‌ಮ್ಯಾನ್ ಯಾಕೆ ಬೇಕು! “ಈ ಗಲ್ಲೀಲಿ ನುಗ್ಗುದ್ರೆ ಮೂರೇ ನಿಮಿಷ,” ಎಂದೆ.

“ನೀವು ನುಗ್ಗಿ. ನಾ ನೆಟ್ಟಗೋಯ್ತೀನಿ. ಗೇಟತ್ರ ಸಿಗನ.”

ನುಗ್ಗಿದೆ. ಗಲ್ಲಿ ಕಿರಿದಾಯಿತು, ಇನ್ನೂ ಕಿರಿದಾಯಿತು, ಕಡೆಗೆ ಅಡ್ಡಡ್ಡ ನಡೆಯಬೇಕಾಯಿತು. ಹಾಗೇ ಹೋಗಿ ಯಾರದೋ ಹಿತ್ತಲಿನಲ್ಲಿ ಉದುರಿದೆ. ಸಂಡಿಗೆ ಒಣಹಾಕುತ್ತಿದ್ದ ಹೆಂಗಸು ನನ್ನ ಖಾಕಿ ಪ್ಯಾಂಟು ನೋಡಿ, “ಮೀಟರ್ ಒಳಗಡೆ ಇದೆ, ನೋಡ್ಕೊಳ್ಳಿ,” ಎಂದರು. ‘ಅರಮನೆ ಎಲ್ಲಿ?’ ಎಂದು ಕೇಳಲು ಬಾಯಿ ಬರಲಿಲ್ಲ. ಗಂಭೀರವಾಗಿ ಮೀಟರ್ ನೋಡಿ, “ಚೆನ್ನಾಗಿ ಓಡ್ತಾ ಅದೆ,” ಎಂದು ಹೊರಬಿದ್ದೆ. ಆಕೆ ಪಕ್ಕದ ಮನೆಗೆ ಕೂಗಿ ಹೇಳಿದರು. ಅಲ್ಲೂ ನೋಡಿದೆ. ನಾಲ್ಕನೆಯ ಮನೆಯವರು ನನ್ನನ್ನು ಕೂರಿಸಿಕೊಂಡು, ಫ್ಯಾನು ಯಾಕೆ ತಿರುಗುತ್ತಿಲ್ಲವೆಂದು ಒಂದು ಗಂಟೆ ವಿಚಾರಣೆ ಮಾಡಿದರು!

ತಪ್ಪಿಸಿಕೊಂಡು ಸಿಕ್ಕಸಿಕ್ಕ ಬೀದಿಯಲ್ಲೆಲ್ಲ ಓಡಿದೆ. ಎದುರಿಗೆ ದೊಡ್ಡ ಕಟ್ಟಡ, ಅಪಾರ ಜನ. ಅರಮನೆಯೇ ಎಂದು ಹಿಗ್ಗಿದೆ. ಹತ್ತಿರ ಹೋದರೆ ಬಸ್ ನಿಲ್ದಾಣ! ಸಂಜೆ ಐದಾಗಿತ್ತು. ಆಗಲೇ ಮೈಕು ಕೂಗಿತು: “ಬೇಗೂರಿನ ನಿಂಗರಾಜು ಎಂಬುವವರು ಕಾಣೆಯಾಗಿದ್ದಾರೆ. ವಯಸ್ಸು ಮೂವತ್ತೆಂಟು, ಖಾಕಿ ಪ್ಯಾಂಟು...”

ಪಕ್ಕದಲ್ಲಿದ್ದ ಯಜಮಾನರೊಬ್ಬರು ನನಗೇ ಹೇಳಿದರು, “ಪಾಪ, ತಲೆ ಸರಿ ಇಲ್ವೇನೋ.”

“ಇರ್ಬೋದು ಸಾರ್,” ಎಂದು ಕೌಂಟರಿಗೆ ಓಡಿದೆ.

ನೀಲಾವತಿ ಬೆಂಚಿನ ಮೇಲೆ ಕೂತು ಕಡಲೇಕಾಯಿ ಸುಲಿಯುತ್ತಿದ್ದಳು. “ಬಂದ್ರಾ? ನಾನು ಅರಮನೆ ಎರಡ್ಸಲ ನೋಡ್ದೆ. ಎರಡ್ನೇ ಸಲ ನಿಮ್ಮುನ್ನ ಉಡಿಕ್ಕಂಡು.”

ಕೌಂಟರಿನವರು ಒಂದು ದಪ್ಪ ಪುಸ್ತಕ ಮುಂದೆ ತಳ್ಳಿದರು. “ಸಿಕ್ಕಿದ ಸಾಮಾನು ತಗೊಂಡಿದ್ದಕ್ಕೆ ಸೈನ್ ಮಾಡಿ ತಾಯಿ. ಮನುಷ್ಯರಿಗೆ ಅಂತ ಬೇರೆ ಪುಸ್ತಕ ಇಲ್ಲ.”

ಮೇಲಿನ ಸಾಲಿನಲ್ಲಿ ಒಂದು ಕರೀ ಛತ್ರಿ. ಅದರ ಕೆಳಗೆ ನಾನು! ಕೊನೆಯಲ್ಲಿ ‘ವಸ್ತುವಿನ ಸ್ಥಿತಿ’ ಎಂಬ ಖಾಲಿ ಜಾಗ. ನೀಲಾವತಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನಿಧಾನವಾಗಿ ನೋಡಿ, ಪೆನ್ನು ತೆಗೆದುಕೊಂಡು ಬರೆದಳು:

“ಹಳೇದು. ಆದ್ರೂ ನಮ್ಮದೇ.”