ಹನ್ನೆರಡು ಸೆಕೆಂಡಿನ ಗೌಜಲಹಕ್ಕಿ

ಸಿನಿಮಾ ಪೆಟ್ಟಿಗೆ ಹೊತ್ತು ಊರೂರು ಸುತ್ತುವವರಿಗೆ ಪರದೆಯ ಮೇಲೆ ಆಗುವುದಕ್ಕಿಂತ ಪರದೆಯ ಈಚೆಗೆ ಆಗುವುದೇ ಜಾಸ್ತಿ. ನನ್ನ ಪಾಲಿಗಂತೂ ಹೀಗಾಗದ ವರ್ಷವೇ ಇಲ್ಲ. ಆದಿವಾಸಿಗಳು ತಮ್ಮ ಬದುಕನ್ನು ತಾವೇ ತೆಗೆದ ಚಿತ್ರಗಳ ಬೆನ್ನು ಹತ್ತಿ ಅರ್ಧ ಜಗತ್ತು ಅಲೆದವಳು ನಾನು. ಹಿಮದ ಗೋಡೆಯನ್ನೇ ಪರದೆ ಮಾಡಿಕೊಂಡ ಉತ್ಸವಕ್ಕೆ ಹೋಗಿ ಮೂಗು ಮರಗಟ್ಟಿಸಿಕೊಂಡಿದ್ದೇನೆ. ನದಿಯ ನಡುವೆ ದೋಣಿಯಲ್ಲಿ ಕೂತು ನೋಡಿ, ಚಿತ್ರ ಮುಗಿಯುವ ಹೊತ್ತಿಗೆ ಪಕ್ಕದೂರು ತಲುಪಿದ್ದೇನೆ. ಒಂದು ಕಡೆ ನಿಲ್ಲದ ಕಾಲು ಕೊನೆಗೆ ಹಾಸನದಲ್ಲಿ ಬಾಡಿಗೆ ಮನೆ ಮಾಡಿತು. ಹಾಸನ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ, ಹೀಗೆ ನಾಲ್ಕು ಊರಿಗೆ ನಾಲ್ಕು ದಿನದ ಸಣ್ಣದೊಂದು ಆದಿವಾಸಿ ಚಿತ್ರೋತ್ಸವ ಮಾಡೋಣ ಎಂದು ಹೊರಟೆ. ಅಷ್ಟೆಲ್ಲ ನೋಡಿದವಳಿಗೆ ಒಂದು ಜಿಲ್ಲೆ ಯಾವ ಲೆಕ್ಕ ಅಂದುಕೊಂಡಿದ್ದೆ. ಆ ಮಾತನ್ನು ಈಗ ವಾಪಸ್ ತೆಗೆದುಕೊಳ್ಳುತ್ತಿದ್ದೇನೆ.

ಐವತ್ತರಿಂದ ಇಪ್ಪತ್ತೆರಡಕ್ಕೆ

ಹಾಸನದಿಂದ ಅರ್ಧ ಗಂಟೆಯ ದಾರಿಯಲ್ಲಿ ಒಂದು ಹಕ್ಕಿಪಿಕ್ಕಿ ಕಾಲೊನಿ. ಹಿಂದೆ ಬಲೆ ಹಾಕಿ ಹಕ್ಕಿ ಹಿಡಿಯುತ್ತಿದ್ದ ಜನ. ಕಾನೂನು ಬಂದ ಮೇಲೆ ಅದನ್ನು ಬಿಟ್ಟು ಮಣಿಸರ, ತಲೆಗೆ ಹಚ್ಚುವ ಎಣ್ಣೆ ಮಾರುತ್ತಾರೆ. ಅಲ್ಲಿಯ ಒಬ್ಬಳು, ನಲವತ್ತರ ಆಸುಪಾಸಿನವಳು, ತನ್ನ ತಾಯಿಯ ಮೇಲೆ ಫೋನಿನಲ್ಲೇ ಒಂದು ಚಿತ್ರ ತೆಗೆದಿದ್ದಾಳೆ ಎಂದು ಗೊತ್ತಾಗಿ ಓಡಿದೆ. ಚಿತ್ರದ ಹೆಸರು 'ಅವ್ವನ ಬಾಯಿ'. ಆ ತಾಯಿ ಬಾಯಲ್ಲೇ ಹಕ್ಕಿಗಳ ಕೂಗು ಹಾಕಿ ಅವನ್ನು ಹತ್ತಿರಕ್ಕೆ ಕರೆಯುತ್ತಿದ್ದವಳು. ಆ ವಿದ್ಯೆ ಈಗ ಇಡೀ ಕಾಲೊನಿಯಲ್ಲಿ ಅವಳೊಬ್ಬಳಿಗೇ ಗೊತ್ತು.

ಉತ್ಸವದ ನಿಯಮ, ಚಿತ್ರ ಇಪ್ಪತ್ತು ನಿಮಿಷ ಮೀರಬಾರದು.

"ಅಕ್ಕ, ನಂದು ಐವತ್ತು ನಿಮಿಷ ಐತೆ" ಅಂದಳು ಮಗಳು.

"ಇಪ್ಪತ್ತೇ ಕಣಮ್ಮ."

"ನಲವತ್ತೈದು ಮಾಡ್ಕಳಿ."

"ಇದು ಎಣ್ಣೆ ವ್ಯಾಪಾರ ಅಲ್ಲ, ಸಿನಿಮಾ."

"ಅದ್ಕೇ ಐದೇ ಇಳ್ಸಿದ್ದು. ಎಣ್ಣೆ ಆಗಿದ್ರೆ ಹತ್ತು ಇಳಿಸ್ತಿದ್ದೆ."

ನಾನು ಎದ್ದು ಚಪ್ಪಲಿ ಹಾಕಿಕೊಂಡೆ. ಅವಳು ಮೂವತ್ತಕ್ಕೆ ಬಂದಳು. ಗೇಟಿನ ತನಕ ನಡೆದೆ. ಇಪ್ಪತ್ತಾರಕ್ಕೆ ಬಂದಳು. ಅಷ್ಟರಲ್ಲಿ ಬಾಗಿಲಲ್ಲಿ ಕೂತು ಮಣಿ ಪೋಣಿಸುತ್ತಿದ್ದ ಅವಳ ತಾಯಿ ತಲೆ ಎತ್ತದೆ ಹೇಳಿದಳು: "ಲೇ, ಮೊದಲ್ನೇ ಗಿರಾಕಿ ಕಣೇ. ಇಪ್ಪತ್ತೆರಡಕ್ಕೆ ಕೊಟ್ಬುಡು."

ಇಪ್ಪತ್ತೆರಡಕ್ಕೆ ಮುಗಿಯಿತು. ಇಷ್ಟು ಬೇಗ ಅರ್ಧಕ್ಕರ್ಧ ಕತ್ತರಿಸಿಕೊಂಡ ನಿರ್ದೇಶಕರನ್ನು ನಾನು ಯಾವ ದೇಶದಲ್ಲೂ ಕಂಡಿರಲಿಲ್ಲ. ಅವಳನ್ನು ಹೊಗಳಿದೆ. ಆಮೇಲೆ ಗೊತ್ತಾಯಿತು, ಚಿತ್ರ ಇದ್ದದ್ದೇ ಇಪ್ಪತ್ತೆರಡು ನಿಮಿಷ. ಉಳಿದ ಇಪ್ಪತ್ತೆಂಟರಲ್ಲಿ ಒಂದು ಮೇಕೆ, ಮನೆಯ ಶೀಟು, ಅವಳ ಹೆಬ್ಬೆರಳು. ಚೌಕಾಸಿಗೆ ಅಂತಲೇ ಸೇರಿಸಿದ್ದಳು.

ಬರಿಗೈ

ಮೊದಲ ದಿನ ಹಾಸನ. ಮುಖ್ಯ ಅತಿಥಿಗಳು ಒಬ್ಬ ನಿವೃತ್ತ ಅಧಿಕಾರಿ, ಬಹಳ ಒಳ್ಳೆಯವರು. ದೀಪ ಹಚ್ಚಿ ಮೈಕು ಹಿಡಿದರು. "ಈ ಮುಗ್ಧ ಜನ ಕಾಡು ಬಿಟ್ಟು ಹೊರಗಿನ ಪ್ರಪಂಚ ಕಂಡವರಲ್ಲ. ನಾನು ಸಿಂಗಾಪುರಕ್ಕೆ ಹೋದಾಗ…" ಎಂದು ಶುರು ಮಾಡಿ, ಸಿಂಗಾಪುರದ ರಸ್ತೆ, ಸಿಂಗಾಪುರದ ಕಸದ ಡಬ್ಬ, ಸಿಂಗಾಪುರದ ಶಿಸ್ತು ಎಲ್ಲವನ್ನೂ ವರ್ಣಿಸಿದರು.

ವೇದಿಕೆಯಲ್ಲಿ ಶಾಲು ಹೊದ್ದು ಕೂತಿದ್ದ ಅಜ್ಜಿ, ಚಿತ್ರದ ಆ ತಾಯಿ, ಅವರ ಮಾತು ಮುಗಿಯುವ ತನಕ ಮರ್ಯಾದೆಯಿಂದ ಕಾದು ಕೇಳಿದಳು: "ಒಂದೇ ದೇಶನಾ ಸಾ?"

"ಹೂಂ ತಾಯಿ, ಒಂದೇ."

"ಬೇಜಾರ್ ಮಾಡ್ಕಬ್ಯಾಡಿ. ಇನ್ನೂ ವಯಸ್ಸೈತೆ."

ಎಣ್ಣೆ ಮಾರಲಿಕ್ಕೆ ಆಫ್ರಿಕಾದ ಏಳು ದೇಶ ಸುತ್ತಿದವಳು ಅಜ್ಜಿ. ಸೀಲು ಒತ್ತಲು ಜಾಗ ಸಾಲದೆ ಒಂದು ಪಾಸ್‌ಪೋರ್ಟ್ ತುಂಬಿಹೋಗಿ ಎರಡನೆಯದು ನಡೆಯುತ್ತಿದೆ. ಸಭೆ ಗೊಳ್ಳೆಂದಿತು. ನಾನೂ ನಕ್ಕೆ, ಸ್ವಲ್ಪ ಜೋರಾಗಿಯೇ. ಅಜ್ಜಿ ನನ್ನ ಕಡೆ ತಿರುಗಿದಳು.

"ನಿಮ್ದೆಷ್ಟಾಗವೆ ಮೇಡಮ್ಮ?"

ಇದಕ್ಕೇ ಕಾದಿದ್ದವಳಂತೆ ಹೇಳಿದೆ: "ಮೂವತ್ತೊಂದು."

"ಅಯ್ಯಪ್ಪಾ! ಏನ್ ಮಾರುದ್ರಿ ಅಲ್ಲೆಲ್ಲ?"

"ಏನೂ ಮಾರಲಿಲ್ಲ ಅಜ್ಜಿ. ಸಿನಿಮಾ ನೋಡಿದೆ."

ಅಜ್ಜಿ ನನ್ನ ಕೈ ಹಿಡಿದು ಸವರಿದಳು. "ಪಾಪ. ಮೂವತ್ತೊಂದ್ ಕಡೆಯಿಂದ್ಲೂ ಬರಿಗೈಲೇ ಬಂದ್ರಾ?"

ದೀಪ ಆರಿಸಿ ಚಿತ್ರ ಹಾಕಿದ ತಕ್ಷಣ ಎದ್ದು ಚಾ ಕುಡಿಯಲು ಹೊರಗೆ ಹೋದಳು. ಅವಳು ಆ ಚಿತ್ರವನ್ನು ಒಮ್ಮೆಯೂ ನೋಡಿರಲಿಲ್ಲ. "ನಾನೇನ್ ಮಾಡಿವ್ನಿ ಅಂತ ನಂಗೊತ್ತಿಲ್ವಾ?" ಅನ್ನುತ್ತಿದ್ದಳು.

ಮೌನದ ಅರ್ಥ

ಚಿತ್ರದ ಹತ್ತೊಂಬತ್ತನೇ ನಿಮಿಷದಲ್ಲಿ ಒಂದು ಜಾಗ ಇದೆ. ಬೆಳಗಿನ ಹೊತ್ತು, ಕುರುಚಲು ಬಯಲು. ಅಜ್ಜಿ ಕೈಯನ್ನು ಬೊಗಸೆ ಮಾಡಿ ಬಾಯಿಗೆ ತರುತ್ತಾಳೆ. ಗೌಜಲಹಕ್ಕಿಯನ್ನು ಕರೆಯುತ್ತಾಳೆ ಎಂದು ಎಲ್ಲರೂ ಉಸಿರು ಹಿಡಿಯುತ್ತೇವೆ. ಅಲ್ಲಿಂದ ಹನ್ನೆರಡು ಸೆಕೆಂಡ್ ಸದ್ದೇ ಇಲ್ಲ. ಆಮೇಲೆ ಕ್ಯಾಮೆರಾದ ಕಡೆ ತಿರುಗಿದ ಅಜ್ಜಿಯ ಮುಖ, ಅಲುಗುವ ತುಟಿ. ಆಗಲೂ ಸದ್ದಿಲ್ಲ.

ಅರಕಲಗೂಡಿನಲ್ಲಿ ಚಿತ್ರ ಮುಗಿದ ಮೇಲೆ ಒಬ್ಬ ಕಾಲೇಜು ಮೇಷ್ಟ್ರು ಎದ್ದು ನಿಂತರು. "ಆ ಮೌನದ ಅರ್ಥ ಏನು?"

ಉತ್ತರ ನನ್ನ ಹತ್ತಿರ ಸಿದ್ಧವಾಗಿತ್ತು. ಉತ್ಸವದ ಕೈಪಿಡಿಯಲ್ಲಿ ಅದರ ಮೇಲೆ ಒಂದೂವರೆ ಪುಟ ನಾನೇ ಬರೆದಿದ್ದೆ. ಕಳೆದುಹೋದ ಕಾಡಿನ ಮೌನ, ಒಂದು ಭಾಷೆ ಕೊನೆಯಾಗುವ ಮುಂಚಿನ ಮೌನ, ನಾಗರಿಕತೆಯ ಎದುರಿನ ಪ್ರತಿಭಟನೆಯ ಮೌನ. ಎಲ್ಲ ಹೇಳಿದೆ. ಮೇಷ್ಟ್ರ ಕಣ್ಣು ಒದ್ದೆಯಾಯಿತು, ನನ್ನದೂ.

ಚಾ ಮುಗಿಸಿ ಬಾಗಿಲಲ್ಲಿ ನಿಂತಿದ್ದ ಅಜ್ಜಿ ಮಗಳನ್ನು ಕೇಳಿದಳು, "ಏನಂತೆ?"

"ನೀನು ಅಲ್ಲಿ ಸುಮ್ನಿದ್ದಿದ್ದು ಯಾಕೆ ಅಂತ."

"ನಾನೆಲ್ಲಿ ಸುಮ್ನಿದ್ದೆ? ಕರೀ ಅಂದ್ಳು. ಆಗಕಿಲ್ಲ ಅಂದೆ. ಕರೀ ಕರೀ ಅಂತ ಪ್ರಾಣ ತಿಂದ್ಳು. ಹುಟ್ಟಿದ್ದು ಬೆಳೆದಿದ್ದು ಎಲ್ಲಾ ತೆಗ್ದು ಬೈದೆ. ಇವ್ಳು ಸೌಂಡ್ ತೆಗ್ದವ್ಳೆ!"

ಮೇಷ್ಟ್ರು ಕೈಪಿಡಿ ಮಡಚಿ ಜೇಬಿಗಿಟ್ಟುಕೊಂಡರು. ನಾನು ಪ್ರೊಜೆಕ್ಟರಿನ ಧೂಳು ಒರೆಸಲು ಶುರುಮಾಡಿದೆ. ಅದರ ಮೇಲೆ ಧೂಳೇನೂ ಇರಲಿಲ್ಲ.

ವಾಪಸ್ ಬರುವಾಗ ಮಗಳು ಮೆತ್ತಗೆ ಹೇಳಿದಳು: "ನಗಬ್ಯಾಡಿ ಅಕ್ಕ. ಆ ಒಂದು ಕೂಗಿಗೋಸ್ಕರನೇ ನಾನು ಸಿನಿಮಾ ತೆಗ್ದಿದ್ದು. ಅವ್ವ ಹೋದ್ರೆ ಅದೂ ಹೋಯ್ತು. ಅದೊಂದನ್ನೇ ಕೊಡ್ತಿಲ್ಲ."

ನಾನು ಅಜ್ಜಿಯನ್ನೇ ಕೇಳಿದೆ. ಅವಳು ಹೇಳಿದ್ದಿಷ್ಟು: "ಕರುದ್ರೆ ಅದು ನಂಬ್ಕೊಂಡ್ ಬತ್ತದೆ ಮೇಡಮ್ಮ. ಬರೋರು ಇದ್ರೆ ಕರೀಬೇಕು. ಬರೋರಿಲ್ದೆ ಕರೀಬಾರ್ದು ಅಂತ ನಮ್ಮಪ್ಪ ಹೇಳಿತ್ತು. ಪೋನಿಗೆ ಕರುದ್ರೆ ಯಾರ್ ಬತ್ತಾರೆ?"

ಹೌಸ್‌ಫುಲ್

ಮೂರನೇ ದಿನ ಹೊಳೆನರಸೀಪುರ. ನಾವು ಹೋಗುವ ಹೊತ್ತಿಗೆ ಹಾಲಿನ ಮುಂದೆ ಸಾಲು. ಇಂಥ ಚಿತ್ರಕ್ಕೆ ಸಾಲು ನಿಂತದ್ದನ್ನು ನಾನು ಕಂಡದ್ದು ಹಿಮದ ದೇಶದಲ್ಲಿ ಮಾತ್ರ, ಅಲ್ಲೂ ಅದು ಒಲೆಯ ಹತ್ತಿರ ಜಾಗ ಹಿಡಿಯಲಿಕ್ಕೆ. ಫೋನು ತೆಗೆದು ಸಾಲಿನ ಫೋಟೊ ಹೊಡೆದುಕೊಂಡೆ. ಆದರೆ ಸಾಲಿನಲ್ಲಿ ಬೋಳುತಲೆಯವರೇ ಜಾಸ್ತಿ ಇದ್ದಾರಲ್ಲ ಅನ್ನಿಸಿತು. ಪೋಸ್ಟರಿನಲ್ಲಿ ಅಜ್ಜಿ ತಲೆಗೂದಲು ಬಿಚ್ಚಿಕೊಂಡು ಕೂತ ಚಿತ್ರ ಹಾಕಿಸಿದ್ದೆ. ಮೊಣಕಾಲು ಮುಟ್ಟುವ ಕೂದಲು. ಎಲ್ಲರೂ ಎಣ್ಣೆಗೆ ಬಂದಿದ್ದರು.

ಮುಂದೆ ನಿಂತಿದ್ದ ಯಜಮಾನರು ಕೇಳಿದರು, "ಎಷ್ಟಮ್ಮ ಬಾಟ್ಲು?"

"ಇದು ಸಿನಿಮಾ ಸಾರ್. ಎಣ್ಣೆ ಇಲ್ಲ."

ಸಾಲು ಕದಲಿತು. ಅಜ್ಜಿ ಚಾ ಲೋಟ ಕೆಳಗಿಟ್ಟು ಬಂದಳು. "ಯಾರೇಳಿದ್ದು ಇಲ್ಲ ಅಂತ? ಐತೆ. ಪಿಚ್ಚರ್ ಪೂರ್ತಿ ನೋಡುದ್ರೆ ಮಾತ್ರ. ಮಧ್ಯ ಎದ್ದೋರ್‌ಗೆ ಎಣ್ಣೆ ಹತ್ತಲ್ಲ."

ಒಬ್ಬರೂ ಏಳಲಿಲ್ಲ. ಹಾಲು ಗಿಜಿಗಿಜಿ. ಕೊನೆಯಲ್ಲಿ ಆ ಯಜಮಾನರು ಬಾಟ್ಲು ತೆಗೆದುಕೊಂಡು ನನ್ನ ಹತ್ತಿರ ಬಂದರು. "ಪಿಚ್ಚರ್ ಚೆನ್ನಾಗೈತೆ ತಾಯಿ. ನಮ್ಮವ್ವನ ನೆನಪಾಯ್ತು" ಎಂದು ಕಣ್ಣೊರೆಸಿಕೊಂಡರು. ಒಂದು ಹೆಜ್ಜೆ ಹೋಗಿ ತಿರುಗಿ ಕೇಳಿದರು: "ಎರಡು ಸಲ ನೋಡಿದ್ರೆ ಬೇಗ ಬೆಳೀತದಾ?"

ಬುಟ್ಟಿ

ಕೊನೆಯ ದಿನ ಚನ್ನರಾಯಪಟ್ಟಣ. ಮಧ್ಯಾಹ್ನ, ಸಭಾಂಗಣದ ತುಂಬ ಕಾಲೇಜು ಹುಡುಗಿಯರು. ವಿದೇಶದ ಉತ್ಸವಗಳಲ್ಲಿ ನಾನು ಕಲಿತ ಒಂದು ಶಿಸ್ತು ಇತ್ತು, ಅದನ್ನು ಇಲ್ಲಿ ಜಾರಿಗೆ ತಂದೆ. ಬಾಗಿಲಲ್ಲಿ ಒಂದು ಪ್ಲಾಸ್ಟಿಕ್ ಬುಟ್ಟಿ ಇಟ್ಟು, ಎಲ್ಲರ ಫೋನನ್ನೂ ಅದರಲ್ಲಿ ಹಾಕಿಸಿದೆ. "ಕಣ್ಣಲ್ಲಿ ನೋಡಿ, ಫೋನಲ್ಲಿ ಅಲ್ಲ" ಎಂದು ಭಾಷಣವನ್ನೂ ಮಾಡಿದೆ.

ನೋಡಿದರೆ ಪೆನ್‌ಡ್ರೈವನ್ನು ಹೊಳೆನರಸೀಪುರದಲ್ಲೇ ಬಿಟ್ಟು ಬಂದಿದ್ದೆ. ಪುಣ್ಯಕ್ಕೆ ಮಗಳ ಫೋನಿನಲ್ಲಿ ಚಿತ್ರ ಇತ್ತು. ಅದನ್ನೇ ಪ್ರೊಜೆಕ್ಟರಿಗೆ ಸಿಕ್ಕಿಸಿದೆವು. ಹದಿನೈದು ನಿಮಿಷ ಓಡಿತು, ಸೌಂಡ್ ಬಾಕ್ಸ್ ಕೆಮ್ಮಿ ಸುಮ್ಮನಾಯಿತು. ನಾನು ನನ್ನ ಫೋನಿನ ಟಾರ್ಚ್ ಹಾಕಿಕೊಂಡು ವೈರುಗಳ ನಡುವೆ ತಲೆ ತೂರಿಸಿದೆ.

ಹುಡುಗಿಯರು ಗುಸುಗುಸು ಮಾಡಿದರು. ನಾಲ್ಕು ಜನ ಎದ್ದರು, ಹಿಂದೆ ಹತ್ತು ಜನ. ಮಗಳು ಪರದೆಯ ಪಕ್ಕ ನಿಂತು ಸೆರಗು ಹಿಂಡುತ್ತಿದ್ದಳು.

ಬಾಗಿಲಲ್ಲಿ ಅಜ್ಜಿ ಮಗಳ ಮುಖ ನೋಡಿದಳು. ಚಾ ಲೋಟ ಹಿಡಿದುಕೊಂಡೇ ಒಳಗೆ ಬಂದು ಮುಂದಿನ ಸಾಲಿನಲ್ಲಿ ಕೂತಳು. ಪರದೆಯ ಮೇಲೆ ತನ್ನದೇ ಬಾಯಿ ಆಡುವುದನ್ನು ನೋಡುತ್ತಾ ಮಾತನ್ನು ಗಟ್ಟಿಯಾಗಿ ಹೇಳತೊಡಗಿದಳು. ನೋಡೇ ಇರದ ಚಿತ್ರ, ಒಂದು ಮಾತೂ ತಪ್ಪಲಿಲ್ಲ. "ಆ ಬಾಯಿ ನಂದೇ ಅಲ್ವಾ" ಅಂದಳು ಆಮೇಲೆ. ಮಧ್ಯೆ ಮಧ್ಯೆ ಹೊಸದೂ ಸೇರಿಸಿದಳು: "ಇಲ್ಲಿ ಸುಳ್ಳು ಹೇಳಿವ್ನಿ, ನಂಬಬ್ಯಾಡಿ."

ಬಾಗಿಲ ತನಕ ಹೋಗಿದ್ದ ಹುಡುಗಿಯರು ಬುಟ್ಟಿಯಲ್ಲಿ ಫೋನು ಹುಡುಕುತ್ತಿದ್ದರು. ಹತ್ತೊಂಬತ್ತನೇ ನಿಮಿಷ ಬಂತು. ಪರದೆಯ ಮೇಲೆ ಅಜ್ಜಿ ಬೊಗಸೆ ಎತ್ತಿದಳು. ಕೆಳಗೆ ಕೂತ ಅಜ್ಜಿ ಒಮ್ಮೆ ಬಾಗಿಲ ಕಡೆ ನೋಡಿದಳು. ಲೋಟ ಕೆಳಗಿಟ್ಟು ತಾನೂ ಬೊಗಸೆ ಎತ್ತಿದಳು.

ಗೌಜಲಹಕ್ಕಿ ಕೂಗಿತು.

ಆ ಕೂಗನ್ನು ಬರೆಯಲು ನನಗೆ ಬರುವುದಿಲ್ಲ. ಎದೆಯೊಳಗೆ ಯಾರೋ ಕೀಲಿ ತಿರುಗಿಸಿದ ಹಾಗೆ ಇತ್ತು. ಬಾಗಿಲಲ್ಲಿದ್ದ ಹುಡುಗಿಯರು ತಿರುಗಿದರು. ಒಬ್ಬೊಬ್ಬರೇ ಬಂದು ತಂತಮ್ಮ ಜಾಗದಲ್ಲಿ ಕೂತರು. ಹನ್ನೆರಡು ಸೆಕೆಂಡ್.

ಮುಗಿದ ಮೇಲೆ ಮಗಳು ಅಳುತ್ತಾ ನನ್ನ ಹತ್ತಿರ ಓಡಿ ಬಂದಳು. "ಅಕ್ಕ, ರೆಕಾರ್ಡ್ ಮಾಡುದ್ರಾ?"

ಅವಳ ಫೋನು ಸಿನಿಮಾ ತೋರಿಸುತ್ತಿತ್ತು. ನನ್ನದು ವೈರಿಗೆ ಬೆಳಕು ಹಿಡಿದಿತ್ತು. ಸಭಾಂಗಣದ ಉಳಿದೆಲ್ಲ ಫೋನುಗಳೂ ಅಚ್ಚುಕಟ್ಟಾಗಿ ಬುಟ್ಟಿಯಲ್ಲಿದ್ದವು.

ಎಕ್ಸ್‌ಪ್ರೆಸ್

ಅವತ್ತೇ ಸಂಜೆ ಹಾಸನದ ಎಕ್ಸ್‌ಪ್ರೆಸ್ ಬಸ್ಸು ಹತ್ತಿದೆವು. ಮೂವರ ಸೀಟಿನಲ್ಲಿ ಅಜ್ಜಿ, ಮಗಳು, ನಾನು. ಮಗಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ನಾನು ಹತ್ತು ಸಲ ಕ್ಷಮೆ ಕೇಳಿ, ಅಜ್ಜಿಯ ಕಡೆ ತಿರುಗಿ "ಇನ್ನೊಂದು ಸಲ…" ಅಂದೆ.

"ಆಗಕಿಲ್ಲ. ಅವಾಗ ಬರೋರಿದ್ರು, ಕರುದೆ." ಆಮೇಲೆ ಮಗಳ ಭುಜಕ್ಕೆ ತಿವಿದಳು. "ಲೇ, ಪೋನಿಗೆ ಯಾಕೇ ಹಾಕ್ತೀಯಾ? ಒಡ್ದೋಗೋ ಸಾಮಾನು. ನಿನ್ ಬಾಯ್ಗೇ ಹಾಕ್ತೀನಿ, ತಿರುಕ್ಕೋ ಈ ಕಡೆ."

ಮಗಳು ತಿರುಗಿದಳು. "ನೀನು ಯಾವತ್ತೂ ಕಲಿಸ್ತೀನಿ ಅಂದಿರ್ಲೇ ಇಲ್ವಲ್ಲವ್ವ!"

"ನೀನು ಯಾವತ್ತು ಕೇಳಿದ್ದೆ? ಕರೀ ಕರೀ ಅಂದೆಯೇ ಹೊರ್ತು ನಂಗೆ ಕಲ್ಸು ಅಂದ್ಯಾ?"

ಬೊಗಸೆ ಹಿಡಿಯುವುದು ಹೇಗೆ, ನಾಲಿಗೆ ಎಲ್ಲಿಡಬೇಕು, ಗಾಳಿ ಎಷ್ಟು ಬಿಡಬೇಕು, ಪಾಠ ಶುರುವಾಯಿತು.

"ಅವ್ವ, ಇಲ್ಲಿ ಬರೋರು ಯಾರೂ ಇಲ್ವಲ್ಲ?"

"ಕಲಿಯೋವಾಗ ಯಾರೂ ಬರಕಿಲ್ಲ. ಅದ್ಕೇ ದೋಸ ಇಲ್ಲ. ಊದು."

ಮೊದಲು ಬರೀ ಗಾಳಿ ಬಂತು. ಆಮೇಲೆ ಬರೀ ಎಂಜಲು ಬಂತು, ಮುಂದಿನ ಸೀಟಿನವರು ತಲೆ ಒರೆಸಿಕೊಂಡರು. ಶಾಂತಿಗ್ರಾಮಕ್ಕಿಂತ ಹಿಂದೆ ಯಾವುದೋ ಕ್ರಾಸ್ ಹತ್ತಿರ ಮಗಳು ಕಣ್ಣು ಮುಚ್ಚಿ ಉಸಿರೆಲ್ಲ ಸೇರಿಸಿ ಊದಿದಳು. ಪೀಂ!

ಬಸ್ಸು ಗಕ್ಕನೆ ನಿಂತಿತು.

"ಯಾರಯ್ಯ ಇಳಿಯೋರು?" ಅಂದ ಡ್ರೈವರ್.

"ನೀನ್ಯಾಕಯ್ಯ ನಿಲ್ಸಿದ್ದು? ಎಕ್ಸ್‌ಪ್ರೆಸ್ ಇದು!" ಅಂದ ಕಂಡಕ್ಟರ್.

"ನೀನೇ ಅಲ್ವಾ ವಿಶಲ್ ಹೊಡ್ದಿದ್ದು?"

"ನನ್ ವಿಶಲ್ ಜೇಬಲ್ಲೈತೆ!"

ಇಡೀ ಬಸ್ಸು ನಮ್ಮ ಸೀಟಿನ ಕಡೆ ತಿರುಗಿತು. ಮೂವರಲ್ಲಿ ಮೂವತ್ತೊಂದು ದೇಶ ನೋಡಿದವಳು ಮೊದಲು ತಲೆ ತಗ್ಗಿಸಿದಳು. ಕಂಡಕ್ಟರ್ ನಮ್ಮ ಹತ್ತಿರ ಬರುವಷ್ಟರಲ್ಲಿ ಬಾಗಿಲಿಗೆ ಧಬಧಬ ಬಡಿತ. ರಸ್ತೆಯಲ್ಲಿ ಒಬ್ಬ ಹೆಂಗಸು, ಕಂಕುಳಲ್ಲಿ ಒಂದು ಬಟ್ಟೆಯ ಚೀಲ. ಕಂಡಕ್ಟರಿಗೆ ಬಾಗಿಲು ತೆಗೆಯದೆ ವಿಧಿ ಇರಲಿಲ್ಲ.

"ಆಗ್ಲಿಂದ ಕೈ ಅಡ್ಡ ಹಿಡ್ಕಂಡು ನಿಂತಿವ್ನಿ ಕಣಪ್ಪ, ಒಂದ್ ಬಸ್ಸೂ ನಿಲ್ಲಿಸ್ಲಿಲ್ಲ. ಕರ್‌ದಂಗೆ ಬಂದು ನಿಲ್ಸುದ್ರಿ. ತಣ್ಣಗಿರಿ" ಎನ್ನುತ್ತಾ ಅವಳು ಹತ್ತಿ, ನಮ್ಮ ಎದುರು ಸೀಟಿನಲ್ಲಿ ಕೂತಳು. ಚೀಲ ಅಲುಗಾಡಿತು. ಅದರ ಬಾಯಿಂದ ಒಂದು ನಾಟಿ ಕೋಳಿ ಕತ್ತು ಹೊರಗೆ ಹಾಕಿ, ಬೊಗಸೆಯನ್ನು ಇನ್ನೂ ಬಾಯಿಗೇ ಹಿಡಿದಿದ್ದ ಮಗಳನ್ನು ನೋಡಿ, "ಕೊಕ್?" ಅಂದಿತು.

"ಕೋಳಿಗೂ ಟಿಕೆಟ್ ಆಯ್ತದೆ ಕಣಮ್ಮ" ಅಂದ ಕಂಡಕ್ಟರ್, ಸಿಟ್ಟನ್ನೆಲ್ಲ ಸೇರಿಸಿ. ಅವಳು ಸಂತೋಷವಾಗಿ ಎರಡು ಟಿಕೆಟ್ ತೆಗೆದುಕೊಂಡಳು.

ಮಗಳು ನಗುತ್ತಿದ್ದಳೋ ಅಳುತ್ತಿದ್ದಳೋ, ಎರಡೂ ಇತ್ತು. ಅಜ್ಜಿ ಅವಳ ಕೆನ್ನೆಯನ್ನು ಸೆರಗಿನಿಂದ ಒರೆಸಿದಳು. ಆ ಕೋಳಿಯನ್ನು, ಅದರ ಟಿಕೆಟನ್ನು ಬಹಳ ಹೊತ್ತು ನೋಡಿ, ಇಡೀ ಬಸ್ಸಿಗೆ ಕೇಳುವಂತೆ ಹೇಳಿದಳು:

"ನಮ್ಮಪ್ಪನ ಕಾಲ್ದಲ್ಲಿ ಕರುದ್ರೆ ಹಾರ್ಕೊಂಡ್ ಬರವು. ನನ್ ಮಗ್ಳ ಕಾಲ್ಕೆ ಟಿಕೆಟ್ ತಗಂಡು ಬತ್ತವೆ ನೋಡಿ!"